ಗಡಿಯಾರ ಓದಿ ಹೇಳುವವಳು

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಟಿಂಗಕ್ಕ ಎಂದೇ ಕರೆಯುತ್ತಿದ್ದರು. ಅರವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಆ ಗೆರೆಯ ಮೇಲೆ ಕರೆಂಟಿನ ಕತ್ತರಿ ನಡೆಸುವುದು ಅವಳ ಕೆಲಸ. ಕೈ ಒಂದು ನೂಲು ತಪ್ಪಿದರೆ ಅರವತ್ತು ಅಂಗಿಗಳ ತೋಳು ಒಟ್ಟಿಗೇ ಕೆಟ್ಟಂತೆ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಕೆಟ್ಟದ್ದು ಒಂದೇ ಸಲ, ಅದೂ ಕರೆಂಟು ಹೋಗಿ ಬಂದಾಗ. ಹೊಲಿಗೆಯ ಹೆಂಗಸರ ನಡುವೆ ಅಳತೆಯ ತಕರಾರು ಬಂದರೆ, "ಕಟಿಂಗಕ್ಕನ್ನ ಕೇಳಿ. ಅವರು ಹೇಳಿದ್ಮೇಲೆ ಮುಗೀತು" ಎನ್ನುತ್ತಿದ್ದರು.

ದಿನಕ್ಕೆ ಎಂಟು ಗಂಟೆ ನಿಂತೇ ಮಾಡುವ ಕೆಲಸ. ನಲವತ್ತಮೂರನೇ ವಯಸ್ಸಿಗೆ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. "ನಿಲ್ಲೋದು ಬೇರೆ, ನಡೆಯೋದು ಬೇರೆ, ಅಮ್ಮಾ. ದಿನಾ ಒಂದು ಗಂಟೆ ನಡೀರಿ" ಎಂದರು ಡಾಕ್ಟರು. ಅವಳು ನಡೆದಳು. ನಡೆಯುವುದು ಬೇಸರವಾಗಿ ಒಂದು ದಿನ ಓಡಿ ನೋಡಿದಳು. ಮೊದಲ ವಾರ ಎದೆ ಬಾಯಿಗೆ ಬಂತು, ಎರಡನೇ ತಿಂಗಳಿಗೆ ಕಾಲು ತಾನಾಗಿಯೇ ಬೀದಿ ಹಿಡಿಯಿತು.

ಅವಳ ಗಂಡ ಲಿಫ್ಟ್ ರಿಪೇರಿಯವನು. ನಗದೆ ತಮಾಷೆ ಮಾಡುವ ಜಾತಿ. "ಹಾಲಿನವನು ಕೇಳ್ತಿದ್ದ, ನಿಮ್ಮ ಮನೆಯವರ ಹಿಂದೆ ನಾಯಿ ಬಿದ್ದಿತ್ತಾ ಅಂತ. ಇಲ್ಲಪ್ಪ, ಹಿಂದೆ ನಾಯೀನೂ ಇಲ್ಲ, ಮುಂದೆ ಬಸ್ಸೂ ಇಲ್ಲ, ಸುಮ್ನೆ ಓಡ್ತಾಳೆ ಅಂದೆ" ಎಂದು ಹೇಳಿ ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡು ಹೊರಟ. ಮಕ್ಕಳಿಲ್ಲದ ಮನೆ. ಇಬ್ಬರಲ್ಲಿ ಜಗಳವೂ ಇರಲಿಲ್ಲ, ಹೆಚ್ಚು ಮಾತೂ ಇರಲಿಲ್ಲ. ಕಾರ್ಖಾನೆಯಲ್ಲಂತೂ ಯಂತ್ರದ ಸದ್ದಿನಲ್ಲಿ ಕೈಸನ್ನೆಯೇ ಮಾತು. ಬೆಳಗಿನಿಂದ ಸಂಜೆಯವರೆಗೆ ತಾನು ಎಷ್ಟು ಮಾತು ಆಡಿದೆ ಎಂದು ಎಣಿಸಿದರೆ ಕೈಬೆರಳು ಸಾಕಾಗುತ್ತಿತ್ತು.

ಅವಳಿಗೆ ನಲವತ್ತೈದು ದಾಟಿದ ಮೇಲೆ, ಆಟದ ಮೈದಾನದ ಗೇಟಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಕಣ್ಣು ಕಾಣದ ಓಟಗಾರನೊಬ್ಬನಿಗೆ ಜೊತೆಯಲ್ಲಿ ಓಡುವವರು ಬೇಕು, ಬೆಳಿಗ್ಗೆ ಐದೂಮುಕ್ಕಾಲಿಗೆ ಇಲ್ಲೇ ಸಿಗುತ್ತಾನೆ ಎಂದಿತ್ತು. ಮೂರು ದಿನ ಅದನ್ನು ಓದಿ ಸುಮ್ಮನೆ ಹೋದಳು. ನಾಲ್ಕನೇ ದಿನ ಗೇಟಿನ ಕಂಬಿ ಹಿಡಿದು ನಿಂತಿದ್ದವನ ಹತ್ತಿರ ಹೋದಳು. ಬಾಯಿ ತೆರೆಯುವ ಮೊದಲೇ ಅವನು, "ಇವತ್ತಾದ್ರೂ ಬಂದ್ರಲ್ಲ" ಎಂದ.

"ನಾನು ಅಂತ ಹೇಗೆ ಗೊತ್ತಾಯ್ತು?"

"ಮೂರು ದಿನದಿಂದ ಇಲ್ಲಿ ಬಂದು ನಿಂತು ಹೋಗ್ತಿದ್ದೀರಿ. ನಿಮ್ಮ ಎಡಗಾಲಿನ ಶೂ ಕೀಚ್ ಅನ್ನುತ್ತೆ."

ಅವನು ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ವಯಸ್ಸು ಮೂವತ್ತನಾಲ್ಕು. ಹನ್ನೊಂದನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಆಸ್ಪತ್ರೆಯ ನಾನೂರು ನಂಬರುಗಳು ಅವನಿಗೆ ಬಾಯಿಪಾಠ. ಓಡುವುದು ಏಕೆ ಎಂದು ಕೇಳಿದರೆ, "ದಿನವಿಡೀ ಬೇರೆಯವರ ಅವಸರ ಕೇಳ್ತೀನಿ ಅಕ್ಕ. ಬೆಳಿಗ್ಗೆ ಒಂದು ಗಂಟೆ ನನ್ನ ಅವಸರ" ಎಂದ.

ಕಾರ್ಖಾನೆಯಲ್ಲಿ ಉಳಿದ ದಪ್ಪ ಬಟ್ಟೆಯಿಂದ ಅವಳೇ ಒಂದು ಪಟ್ಟಿ ಹೊಲಿದಳು. ಎರಡೂ ತುದಿಗೆ ಬೆರಳು ಸಿಕ್ಕಿಸುವ ಕುಣಿಕೆ. ಒಂದು ತುದಿ ಅವಳ ಬಲಗೈಯಲ್ಲಿ, ಇನ್ನೊಂದು ಅವನ ಎಡಗೈಯಲ್ಲಿ. ಹೀಗೆ ಓಡುವಾಗ ಸುಮ್ಮನಿರುವಂತಿಲ್ಲ. ಗುಂಡಿ, ಹಂಪು, ಬಲಕ್ಕೆ ತಿರುವು, ಎದುರಿಗೆ ಸೈಕಲ್ಲು, ಎಲ್ಲ ಹೇಳುತ್ತಲೇ ಇರಬೇಕು. ಅವಳಿಗೆ ಹೇಳುವುದು ರೂಢಿಯಾಯಿತು. ಹೇಳಬೇಕಾದ್ದಕ್ಕಿಂತ ಹೆಚ್ಚೇ ಹೇಳತೊಡಗಿದಳು. "ಬೇಕರಿಯವನು ಬಾಗಿಲು ತೆಗೀತಿದ್ದಾನೆ. ಎರಡನೇ ಮಹಡೀಲಿ ಒಬ್ಬಳು ಕೂದಲು ಒಣಗಿಸ್ತಿದ್ದಾಳೆ. ನೋಡಿದ್ಲು ನಮ್ಮನ್ನ, ಒಳಗೆ ಹೋದ್ಲು." ಅವನು ಕೇಳಿ ನಗುತ್ತಿದ್ದ. ಅವನ ಹತ್ತಿರ ಮಾತಾಡುವ ಗಡಿಯಾರವೂ ಒಂದಿತ್ತು. "ಅದರ ಧ್ವನಿ ಸತ್ತವರ ಮನೆ ಸುದ್ದಿ ಹೇಳಿದ ಹಾಗಿರುತ್ತೆ. ನೀವೇ ಹೇಳಿ" ಎಂದು ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದ. ಪ್ರತಿ ಕಿಲೋಮೀಟರಿಗೂ ಅವಳು ತನ್ನ ಕೈಗಡಿಯಾರ ನೋಡಿ ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ಹೇಳುತ್ತಿದ್ದಳು.

ಒಂದೂವರೆ ವರ್ಷ ಚೆನ್ನಾಗಿ ನಡೆಯಿತು. ಹತ್ತು ಕಿಲೋಮೀಟರಿನ ಓಟ ಮುಗಿಸಿದರು, ಇಪ್ಪತ್ತೊಂದರದ್ದೂ ಮುಗಿಸಿದರು. ಆಮೇಲೆ ಅಂಧರ ಸಂಘದವರು ಒಂದು ಸುದ್ದಿ ಕಳಿಸಿದರು. ವರ್ಷಕ್ಕೊಮ್ಮೆ ಊರಿನಲ್ಲಿ ನಡೆಯುವ ನಲವತ್ತೆರಡು ಕಿಲೋಮೀಟರಿನ ಪೂರ್ತಿ ಮ್ಯಾರಥಾನನ್ನು ನಾಲ್ಕು ಗಂಟೆಯೊಳಗೆ ಮುಗಿಸಿದವರನ್ನು ಹೊರದೇಶದ ದೊಡ್ಡ ಓಟಕ್ಕೆ ಕಳಿಸುತ್ತಾರಂತೆ. ಅಂದರೆ ಕಿಲೋಮೀಟರಿಗೆ ಐದು ನಿಮಿಷ ನಲವತ್ತು ಸೆಕೆಂಡು. ಅವರಿಬ್ಬರದು ಆಗ ಆರು ಇಪ್ಪತ್ತು.

"ಎಂಟು ತಿಂಗಳಿದೆ" ಎಂದ ಅವನು. "ನಲವತ್ತು ಸೆಕೆಂಡು ತಾನೇ ಅಕ್ಕ. ತಿಂಗಳಿಗೆ ಐದು ಸೆಕೆಂಡು."

ಲೆಕ್ಕಕ್ಕೆ ಸುಲಭ, ಕಾಲಿಗೆ ಅಲ್ಲ. ಎರಡು ತಿಂಗಳಾದರೂ ಆರು ಇಪ್ಪತ್ತು ಆರು ಇಪ್ಪತ್ತಾಗಿಯೇ ಉಳಿಯಿತು. ಚಳಿ ಹಿಡಿಯಿತು. ಜೊತೆಗೆ ಜಡಿಮಳೆ. ಅವನು ವಾರಕ್ಕೆ ಐದು ದಿನ ಬರುತ್ತಿದ್ದವನು ಮೂರು ದಿನಕ್ಕಿಳಿದ. ಬಂದ ದಿನವೂ ನಗು ಇಲ್ಲ. ಒಂದು ಬೆಳಿಗ್ಗೆ ಒದ್ದೆ ಶೂ ಬಿಚ್ಚುತ್ತಾ, "ಬಿಡಿ ಅಕ್ಕ. ಎಮ್ಮೆಗೆ ಕುದುರೆ ಲಾಳ ಹೊಡೆದ ಹಾಗೆ ಇದು. ನಾಳೆಯಿಂದ ನೀವು ಆರಾಮಾಗಿ ಮಲ್ಕೊಳ್ಳಿ" ಎಂದ.

"ನಾಳೆ ಒಂದು ದಿನ ಬಾ. ಆಮೇಲೆ ನೋಡೋಣ" ಎಂದಳು.

ಮರುದಿನ ಮೂರನೇ ಕಿಲೋಮೀಟರು ಮುಗಿದಾಗ ಗಡಿಯಾರ ಆ ಒಂದು ಕಿಲೋಮೀಟರಿಗೆ ಆರು ನಿಮಿಷ ಹತ್ತೊಂಬತ್ತು ಸೆಕೆಂಡು ತೋರಿಸುತ್ತಿತ್ತು. ಅವಳು, "ಆರು ಎಂಟು" ಎಂದಳು.

"ಎಷ್ಟು?"

"ಆರು ಎಂಟು ಕಣಪ್ಪ."

ಪಟ್ಟಿಯ ಆ ತುದಿ ಜಗ್ಗಿತು. ಅವನ ಬೆನ್ನು ನೆಟ್ಟಗಾದದ್ದು ಅವಳಿಗೆ ಕಂಡಿತು. ಮುಂದಿನ ಕಿಲೋಮೀಟರು ನಿಜವಾಗಿಯೂ ಆರು ಹನ್ನೆರಡಕ್ಕೆ ಬಂತು. ಮರುದಿನ ಅವನು ಅವಳಿಗಿಂತ ಮೊದಲೇ ಗೇಟಿನಲ್ಲಿದ್ದ.

ಅಲ್ಲಿಂದ ಶುರು. ಹತ್ತು ಸೆಕೆಂಡು, ಹದಿನೈದು ಸೆಕೆಂಡು ಕಡಿಮೆ ಮಾಡಿ ಹೇಳುವುದು. ಮೂಗಿಗೆ ತುಪ್ಪ ಸವರುವ ಕೆಲಸ ಎಂದು ಅವಳಿಗೆ ಗೊತ್ತಿತ್ತು. ಆದರೆ ತುಪ್ಪದ ವಾಸನೆಗೆ ಅವನು ಓಡುತ್ತಿದ್ದ. ಸುಳ್ಳನ್ನು ಬೆನ್ನಟ್ಟಿ ಬೆನ್ನಟ್ಟಿ ನಿಜವೂ ಕೆಳಗಿಳಿಯುತ್ತಿತ್ತು. ಮಳೆ ನಿಂತ ಮೇಲೆ ಐದು ವಾರ ಅವನು ಓಡಿದ ಓಟ ಅವಳು ಮರೆಯುವಂಥದ್ದಲ್ಲ. ಆರು, ಐದು ಐವತ್ತೈದು, ಒಂದು ದಿನ ಐದು ನಲವತ್ತೊಂಬತ್ತು. ಆ ದಿನಗಳಲ್ಲಿ ಅವಳು ಸುಳ್ಳು ಹೇಳುವ ಪ್ರಸಂಗವೇ ಇರಲಿಲ್ಲ.

ಆಮೇಲೆ ಕೈಕೊಟ್ಟದ್ದು ಅವಳ ದೇಹ. ನಲವತ್ತೇಳು ತುಂಬಿತ್ತು. ತಿಂಗಳಿಗೆ ಎರಡೆರಡು ಸಲ ಮುಟ್ಟಾಗಿ, ಹತ್ತು ಹತ್ತು ದಿನ ಹರಿದು, ಮೈಯಲ್ಲಿ ರಕ್ತ ಕಡಿಮೆಯಾಯಿತು. ಮೂರು ಮಹಡಿ ಹತ್ತಿದರೆ ಕಣ್ಣು ಕತ್ತಲೆ. ಬೆಳಿಗ್ಗೆ ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಗೆ ಸೂಜಿ ಚುಚ್ಚಿದಂತೆ. ಜೊತೆಯಲ್ಲಿ ಓಡುವವರು ಓಡಿಸಿಕೊಳ್ಳುವವನಿಗಿಂತ ಒಂದು ಹಿಡಿ ಚುರುಕಾಗಿರಬೇಕು. ಈಗ ಅವನು ಮುಂದೆ, ಪಟ್ಟಿ ಹಿಂದಕ್ಕೆ ಜಗ್ಗುತ್ತಿತ್ತು.

"ಅಕ್ಕ, ಇವತ್ತು ನಾನು ಎಳೀತಾ ಇದ್ದೀನಾ?"

"ಇಲ್ಲಪ್ಪ, ಇಲ್ಲಿ ಸ್ವಲ್ಪ ಏರು."

"ಏರಾ? ಕಾಲಿಗೆ ಗೊತ್ತೇ ಆಗ್ತಿಲ್ಲ."

"ಸಣ್ಣ ಏರು."

ಸಪಾಟು ರಸ್ತೆ. ಅವಳಿಗೆ ಮೈಯೆಲ್ಲ ಬೆವರಿತು. ತಿರುವಿನಲ್ಲಿ ಗಡಿಯಾರ ನೋಡಿದಳು. ಆರು ಹದಿನಾಲ್ಕು. "ಐದು ನಲವತ್ತಾರು" ಎಂದಳು. ಅವನು ಗಾಳಿಗೆ ಒಂದು ಗುದ್ದು ಗುದ್ದಿದ.

ಓಟ ಮುಗಿಯುವುದು ತಡವಾಗುತ್ತಿದೆ ಎಂದು ಅವನಿಗೆ ಗೊತ್ತಾಗಬಾರದೆಂದು, "ನಾಳೆಯಿಂದ ಐದೂವರೆಗೆ ಬಾ, ವಾಹನ ಕಡಿಮೆ ಇರುತ್ತೆ" ಎಂದಳು. ಬಂದ. ಅಷ್ಟು ಚುರುಕು ಕಿವಿಯವನು, ಶೂ ಕೀಚ್ ಎಂದದ್ದನ್ನು ಹಿಡಿದವನು, ಇದನ್ನು ಹಿಡಿಯಲಿಲ್ಲ. ಹಿಡಿಯಬೇಕೆಂದು ಅವನಿಗೆ ಅನ್ನಿಸಿಯೇ ಇರಲಿಲ್ಲ.

ಮನೆಯಲ್ಲಿ ಹಿಮ್ಮಡಿಯನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕುಳಿತಿದ್ದಾಗ ಗಂಡನಿಗೆ ಎಲ್ಲ ಹೇಳಿದಳು. ಅವನು ತಮಾಷೆ ಮಾಡಲಿಲ್ಲ. "ಬಟ್ಟೇಲಿ ಹೀಗೆ ಮಾಡ್ತೀಯಾ ನೀನು?" ಎಂದ.

"ಬಟ್ಟೆ ಬೇರೆ ರೀ."

"ಬೇರೆ ಹೇಗೆ? ನಿನ್ನ ಕೈಲಿ ಆಗ್ತಿಲ್ಲ ಅಂತ ಹೇಳು. ಬೇರೆಯವರು ಸಿಗ್ತಾರೆ."

"ಮುಂದಿನ ವಾರ ಹೇಳ್ತೀನಿ."

ಮುಂದಿನ ವಾರ ಬಂತು, ಅದರ ಮುಂದಿನದೂ ಬಂತು. ಪ್ರತಿದಿನ ಗೇಟಿನವರೆಗೆ ಮಾತು ನಾಲಿಗೆಯ ತುದಿಯಲ್ಲಿರುತ್ತಿತ್ತು. ಅವನು ಕೈ ಚಾಚಿ, "ಬಂದ್ರಾ ಅಕ್ಕ?" ಎಂದ ಕೂಡಲೇ ನುಂಗಿಕೊಳ್ಳುತ್ತಿದ್ದಳು. ಹೇಳಿಬಿಟ್ಟರೆ ಮರುದಿನ ಬೆಳಿಗ್ಗೆ ತಾನು ಏಳುವುದಾದರೂ ಯಾವುದಕ್ಕೆ? ಬೇಕರಿ, ಕೂದಲು ಒಣಗಿಸುವವಳು, ಬೆಳಗಿನ ಬೆಳಕು, ಇವನ್ನೆಲ್ಲ ಯಾರಿಗೆ ಹೇಳುವುದು? ಓಟದ ದಿನ ಎಲ್ಲ ಬಯಲಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ದಿನ ಬಿಸಿಲು ಜೋರಾಗಬಹುದು, ಕಾಲು ಉಳುಕಬಹುದು, ಏನೋ ಒಂದು ನೆಪ ಕೈ ಹಿಡಿದೀತು ಎಂದು ದಿನ ದೂಡಿದಳು.

ಓಟದ ದಿನ ಬಿಸಿಲೂ ಇರಲಿಲ್ಲ, ಕಾಲೂ ಉಳುಕಲಿಲ್ಲ. ಮೋಡ ಮುಚ್ಚಿ, ತಣ್ಣಗೆ ಗಾಳಿ ಬೀಸುತ್ತಿತ್ತು. ಓಡುವವರಿಗೆ ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಹತ್ತು ಕಿಲೋಮೀಟರಿಗೆ ಅವಳು, "ಐವತ್ತೇಳು ನಿಮಿಷ, ಸರಿಯಾಗಿದೆ" ಎಂದಳು. ಗಡಿಯಾರದಲ್ಲಿ ಒಂದು ಗಂಟೆ ಎರಡು ನಿಮಿಷವಾಗಿತ್ತು.

ಅರ್ಧ ದಾರಿಯಲ್ಲಿ ಧ್ವನಿವರ್ಧಕ ಇಟ್ಟಿದ್ದರು. ಒಬ್ಬ ಕೂಗುತ್ತಿದ್ದ: "ಇದೀಗ ಎರಡು ಗಂಟೆ ಹದಿಮೂರು ನಿಮಿಷ! ಬನ್ನಿ, ಬನ್ನಿ!"

"ಎರಡು ಹದಿಮೂರು ಅಂದ್ನಾ ಅಕ್ಕ?"

"ಅದು ನಮಗಿಂತ ಮುಂಚೆ ಹೊರಟವರ ಲೆಕ್ಕ. ನಮ್ಮದು ಒಂದು ಐವತ್ತೊಂಬತ್ತು."

ಸ್ವಲ್ಪ ದೂರ ಓಡಿದರು. ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತಾ ದಾಟಿ ಹೋಗುತ್ತಿದ್ದರು. ಅವನು ಆ ಕಡೆಗೆ ಮುಖ ತಿರುಗಿಸಿ, "ಸಾರ್, ನಾವೆಲ್ಲ ಹೊರಟು ಎಷ್ಟು ಹೊತ್ತಾಯ್ತು?" ಎಂದು ಕೇಳಿದ.

"ಎರಡು ಇಪ್ಪತ್ತೊಂದು ಬ್ರದರ್. ಚೆನ್ನಾಗಿ ಓಡ್ತಿದ್ದೀರಿ!" ಎಂದು ಆತ ಮುಂದೆ ಹೋದ.

ಅವಳು ಕಾದಳು. ಅವನು ಬೈಯಲಿ, ಕೇಳಲಿ, ನಿಲ್ಲಲಿ. ಅವನು ಅದೇ ಲಯದಲ್ಲಿ ಹೆಜ್ಜೆ ಹಾಕುತ್ತಾ ಹೋದ. "ಗುಂಡಿ" ಎಂದಳು, ತಪ್ಪಿಸಿಕೊಂಡ. "ಎಡಕ್ಕೆ" ಎಂದಳು, ತಿರುಗಿದ. ಮೂವತ್ತಮೂರನೇ ಕಿಲೋಮೀಟರಿನ ಹತ್ತಿರ ಅವಳು ಕಣ್ಣಿಗೆ ಕತ್ತಲೆ ಬಂದು ರಸ್ತೆಯ ಅಂಚಿನಲ್ಲಿ ಕುಸಿದು ಕುಳಿತಳು. ಅವನೂ ನಿಂತ. ಬೇಕಾದರೆ ಅಲ್ಲಿದ್ದ ಯಾರನ್ನಾದರೂ ಕರೆದು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ನೀರಿನ ಬಾಟಲಿಯನ್ನು ಅವಳ ದನಿ ಬಂದ ಕಡೆಗೆ ಚಾಚಿ ಹಿಡಿದು ನಿಂತೇ ಇದ್ದ. ಉಳಿದದ್ದನ್ನು ಅರ್ಧ ನಡೆದು ಅರ್ಧ ಓಡಿ ಮುಗಿಸಿದರು. ನಾಲ್ಕು ಗಂಟೆ ಐವತ್ತೆರಡು ನಿಮಿಷ.

ಗೆರೆ ದಾಟಿದ ಮೇಲೆ ಅವನು ಬೆರಳಿನಿಂದ ಕುಣಿಕೆ ಬಿಚ್ಚಿದ.

"ಎಷ್ಟು ದಿನದಿಂದ ಅಕ್ಕ?"

"ಚಳಿಗಾಲದಿಂದ."

"ಎಲ್ರೂ ಸುಳ್ಳು ಹೇಳ್ತಾರೆ ಅಕ್ಕ ನನಗೆ. ಬಸ್ ಸ್ಟಾಪಲ್ಲಿ 'ಇನ್ನೇನು ಬಂತು' ಅಂತಾರೆ, ಬಂದಿರಲ್ಲ. ಸಣ್ಣವನಿದ್ದಾಗ ಆಪರೇಷನ್ ಆದ್ರೆ ಕಾಣುತ್ತೆ ಅಂದ್ರು. ಅಂಗಿ ಬಣ್ಣ ಒಪ್ಪುತ್ತೆ ಅಂತಾರೆ. ನನಗೆ ಅಭ್ಯಾಸ ಇದೆ. ನಿಮ್ಮ ಹತ್ರ ಮಾತ್ರ ನಾನು ಎರಡನೇ ಸಲ ಕೇಳ್ತಿರ್ಲಿಲ್ಲ."

ಅಲ್ಲಿದ್ದ ಸ್ವಯಂಸೇವಕಿಯೊಬ್ಬಳನ್ನು ಕರೆದು, ಆಟೋದವರೆಗೆ ಬಿಡಲು ಕೇಳಿಕೊಂಡು ಹೋದ.

ಅವಳು ಓಡುವುದನ್ನು ಬಿಟ್ಟಳು. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತಿತ್ತು. ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಎರಡು ತಿಂಗಳಲ್ಲಿ ಸಕ್ಕರೆ ಮತ್ತೆ ಮೇಲೇರಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಗಂಡ ಒಂದು ದಿನ ಅವಳ ಶೂಗಳನ್ನು ತೊಳೆದು ಬಾಗಿಲ ಮುಂದೆ ಒಣಗಲು ಇಟ್ಟ. ಅವಳು ಅವನ್ನು ಎತ್ತಿ ಒಳಗಿಟ್ಟಳು. ಒಂದು ಮಧ್ಯಾಹ್ನ ಕಾರ್ಖಾನೆಯ ಆಫೀಸಿನಿಂದ ಆಸ್ಪತ್ರೆಗೆ ಫೋನು ಮಾಡಿದಳು. "ನಮಸ್ಕಾರ, ಯಾವ ವಾರ್ಡು ಬೇಕು?" ಎಂದಿತು ಅವನ ದನಿ. ಅವಳಿಗೆ ಯಾವ ವಾರ್ಡೂ ಬೇಕಿರಲಿಲ್ಲ. ಅವನು ಇನ್ನೊಂದು ಸಲ ಕೇಳಿ ಫೋನು ಇಟ್ಟ. ತಾನೆಂದು ಅವನಿಗೆ ಗೊತ್ತಾಯಿತೋ ಇಲ್ಲವೋ ತಿಳಿಯಲಿಲ್ಲ.

ಕೊನೆಗೆ ಒಂದು ಶನಿವಾರ ರಜೆ ಹಾಕಿ ಆಸ್ಪತ್ರೆಗೇ ಹೋದಳು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಕಿಟಕಿಯಿಲ್ಲದ ಸಣ್ಣ ಕೋಣೆ. ಮೇಜಿನ ಮೇಲೆ ಫೋನಿನ ಪೆಟ್ಟಿಗೆ, ಕಿವಿಗೆ ಹೆಡ್‌ಫೋನು. ದೀಪ ಹಾಕಿರಲಿಲ್ಲ. ಅವನಿಗೆ ಅದು ಬೇಕೂ ಇರಲಿಲ್ಲ.

"ನಾನು" ಎಂದಳು.

"ಗೊತ್ತು. ಕೂತ್ಕೊಳ್ಳಿ. ದೀಪದ ಸ್ವಿಚ್ಚು ಬಾಗಿಲ ಹತ್ರ ಇದೆ."

ಅವಳು ಕಾರ್ಖಾನೆಯಲ್ಲಿ ಅಳತೆ ಬರೆದುಕೊಳ್ಳುವಂಥದ್ದೇ ಒಂದು ಉದ್ದನೆಯ ಪುಸ್ತಕ ತಂದಿದ್ದಳು. ಬಾಯಲ್ಲಿ ಏನೇ ಹೇಳಿರಲಿ, ಪ್ರತಿದಿನ ಮನೆಗೆ ಹೋಗಿ ಅದರಲ್ಲಿ ನಿಜವನ್ನೂ ಪಕ್ಕದಲ್ಲಿ ತಾನು ಹೇಳಿದ್ದನ್ನೂ ಬರೆದಿಡುತ್ತಿದ್ದಳು. ಬರೆಯದೆ ಇರಲು ಅವಳ ಕೈಗೆ ಬರುತ್ತಿರಲಿಲ್ಲ. "ಇದನ್ನ ಓದಿಬಿಡ್ತೀನಿ. ಓದಿ ಹೋಗ್ತೀನಿ" ಎಂದಳು. ಅವನು ಬೇಡ ಎನ್ನಲಿಲ್ಲ.

ಚಳಿಗಾಲದ ಆ ಮೊದಲ ದಿನದಿಂದ ಓದಿದಳು. ತಾರೀಕು, ನಿಜ ಎಷ್ಟು, ತಾನು ಹೇಳಿದ್ದು ಎಷ್ಟು. ನಡುನಡುವೆ ಫೋನು ಬರುತ್ತಿತ್ತು. ಅವನು ಕೈ ಎತ್ತುತ್ತಿದ್ದ, ಅವಳು ನಿಲ್ಲಿಸುತ್ತಿದ್ದಳು. "ಹೆರಿಗೆ ವಾರ್ಡಾ? ಇರಿ, ಕೊಡ್ತೀನಿ." ಮತ್ತೆ ಓದು. "ಅಳಬೇಡಿ ಅಮ್ಮಾ, ಎಮರ್ಜೆನ್ಸಿಗೆ ಕನೆಕ್ಟ್ ಮಾಡ್ತಿದ್ದೀನಿ." ಮತ್ತೆ ಓದು. ಮಳೆ ನಿಂತ ಮೇಲಿನ ಐದು ವಾರ ಬಂದಾಗ ಅವನು ತಡೆದ.

"ಐದು ನಲವತ್ತೊಂಬತ್ತು ನಿಜಾನಾ? ಆ ಬುಧವಾರದ್ದು?"

"ನಿಜ."

"ನೀವು ಹೇಳಿದ್ದು?"

"ಅದೇ."

ಅವನು ತಲೆದೂಗಿದ. ಉಳಿದದ್ದನ್ನು ಓದಿ ಮುಗಿಸಿ ಅವಳು ಪುಸ್ತಕ ಮುಚ್ಚಿದಳು. ಅವನು ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದ.

"ಮೊದಮೊದಲು ಹೇಳಿದ್ದು ನನಗೋಸ್ಕರ, ಒಪ್ಪಿಕೊಳ್ತೀನಿ. ಆಮೇಲಿನದು?"

"ನನಗೋಸ್ಕರ."

"ಹಾಂ" ಎಂದ. ಆಮೇಲೆ, "ನಾನೀಗ ಪೋಸ್ಟ್‌ಮ್ಯಾನ್ ಒಬ್ಬರ ಜೊತೆ ಓಡ್ತಿದ್ದೀನಿ. ಒಳ್ಳೆ ಕಾಲು. ಮಾತಿಲ್ಲ, ಕತೆಯಿಲ್ಲ. ಗುಂಡಿ ಬಂದ್ರೆ ಗುಂಡಿ ಅಂತಾರೆ, ಅಷ್ಟೇ. ಗಡಿಯಾರ ಸರಿಯಾಗಿ ಓದ್ತಾರೆ."

"ಒಳ್ಳೇದಾಯ್ತಪ್ಪ" ಎಂದು ಎದ್ದಳು. ಅವನು ಬನ್ನಿ ಎಂದೂ ಹೇಳಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ. ಹೊರಡುವಾಗ ದೀಪ ಆರಿಸಬೇಕೋ ಬಿಡಬೇಕೋ ತಿಳಿಯದೆ ಹಾಗೇ ಬಿಟ್ಟು ಬಂದಳು.

ಮುಂದಿನ ವರ್ಷದ ಓಟಕ್ಕೆ ಅವಳು ನೀರು ಕೊಡುವವರ ಗುಂಪಿಗೆ ಹೆಸರು ಬರೆಸಿದಳು. ಮೂವತ್ತಾರನೇ ಕಿಲೋಮೀಟರಿನ ಮೇಜು. ಪೋಸ್ಟ್‌ಮ್ಯಾನು ಮತ್ತು ಅವನು ದೂರದಿಂದ ಬರುವುದು ಕಂಡಿತು. ಹೆಜ್ಜೆಗೆ ಹೆಜ್ಜೆ ಕೂಡಿತ್ತು, ಆದರೆ ಅವನ ತಲೆ ಒಂದು ಕಡೆಗೆ ವಾಲಿತ್ತು. ಪೋಸ್ಟ್‌ಮ್ಯಾನನ ಕೈಗಡಿಯಾರ ದಾರಿಯಲ್ಲಿ ಯಾರಿಗೋ ತಗುಲಿ ನಿಂತುಹೋಗಿತ್ತಂತೆ. ಅವಳು ಲೋಟ ಚಾಚಿದಳು. ಅವನು ಕುಡಿದ. ಯಾರನ್ನೂ ಉದ್ದೇಶಿಸದೆ, "ಎಷ್ಟಾಯ್ತು?" ಎಂದ.

ಅವಳು ಗಡಿಯಾರ ನೋಡಿದಳು. ಮೂರು ಗಂಟೆ ಇಪ್ಪತ್ತೆಂಟು. ಸಂಘದ ಷರತ್ತಿನಂತೆ ಈ ಸಲವೂ ನಾಲ್ಕರೊಳಗೆ ಮುಗಿಸಬೇಕಾದರೆ ಉಳಿದ ಆರು ಕಿಲೋಮೀಟರನ್ನು ಅವನು ಜನ್ಮದಲ್ಲಿ ಓಡಿರದಷ್ಟು ಜೋರಾಗಿ ಓಡಬೇಕು. ಮೂರು ಇಪ್ಪತ್ತನಾಲ್ಕು ಎಂದರೆ ಓಡಿಯೇಬಿಡುತ್ತಾನೋ ಏನೋ.

"ಮೂರು ಇಪ್ಪತ್ತೆಂಟು" ಎಂದಳು.

ಅವನ ಮುಖ ಅವಳ ಕಡೆಗೆ ತಿರುಗಿತು. ದನಿ ಗುರುತು ಸಿಕ್ಕಿತ್ತು. ಲೋಟವನ್ನು ಮೇಜಿನ ಮೇಲೆ ತಡವಿ ಇಟ್ಟು ಹೋದ. ಹೋಗುವಾಗ ಹೆಜ್ಜೆ ಸಡಿಲವಾದದ್ದನ್ನು ಅವಳು ನೋಡಿದಳು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮುಗಿಸಿದನೆಂದು ಸಂಜೆ ಗೊತ್ತಾಯಿತು. ಸಂಘದವರು ಹೊರದೇಶದ ಓಟಕ್ಕೆ ಬೇರೆ ಇಬ್ಬರನ್ನು ಆರಿಸಿದರು.

ಹತ್ತು ದಿನದ ಮೇಲೆ ಕಾರ್ಖಾನೆಯ ಆಫೀಸಿಗೆ ಅವಳಿಗೆ ಫೋನು ಬಂತು.

"ಅಕ್ಕ, ನಾನು. ಒಂದು ಮಾತು. ಅವತ್ತು ಒಂದು ದಿನ ಸುಳ್ಳು ಹೇಳಬಹುದಿತ್ತಲ್ಲ."

ಅವನು ನಗುತ್ತಿದ್ದಾನೋ ಇಲ್ಲವೋ ಯಂತ್ರಗಳ ಸದ್ದಿನಲ್ಲಿ ಅವಳಿಗೆ ತಿಳಿಯಲಿಲ್ಲ. "ಹೇಳಿದ್ರೆ ಓಡ್ತಿದ್ದೆಯಾ?" ಎಂದಳು.

"ಅದೇ ಗೊತ್ತಿಲ್ಲ. ಯೋಚನೆ ಮಾಡಿ ಮಾಡಿ ಸಾಕಾಯ್ತು." ಆ ಕಡೆ ಇನ್ನೊಂದು ಫೋನು ಹೊಡೆದುಕೊಳ್ಳುತ್ತಿತ್ತು. "ಇಡ್ತೀನಿ. ಲೈನು ಬರ್ತಿದೆ."

ಆಮೇಲೆ ಫೋನು ಬರಲಿಲ್ಲ. ಪೋಸ್ಟ್‌ಮ್ಯಾನಿಗೆ ಬೇರೆ ಊರಿಗೆ ವರ್ಗವಾಯಿತೆಂದೂ, ಜೊತೆಗೆ ಓಡುವವರಿಲ್ಲದೆ ಇವನು ಈಗ ಮನೆಯೊಳಗೆ ಓಡುವ ಯಂತ್ರ ತಂದಿಟ್ಟುಕೊಂಡಿದ್ದಾನೆಂದೂ ಯಾರೋ ಹೇಳಿದರು. ಅವಳು ಎರಡು ಸಲ ಮೈದಾನದ ಗೇಟಿಗೆ ಹೋಗಿ ನೋಡಿದಳು. ಅಲ್ಲಿ ಯಾವ ಚೀಟಿಯೂ ಇರಲಿಲ್ಲ.

ಈಗ ಅವಳಿಗೆ ಐವತ್ತು. ವಾರಕ್ಕೆ ಮೂರು ದಿನ ಏಳುತ್ತಾಳೆ. ಕೆಲವು ವಾರ ಎರಡೇ. ಓಡುವುದೂ ಅಲ್ಲ, ನಡೆಯುವುದೂ ಅಲ್ಲ, ಅದರ ನಡುವಿನದೊಂದು. ಏಕೆ ಹೋಗುತ್ತೀಯ ಎಂದು ಗಂಡ ಕೇಳಿದರೆ, ಸಕ್ಕರೆಗೆ ಎನ್ನುತ್ತಾಳೆ. ಅದು ನಿಜವೇ. ಬೇಕರಿ ಮುಚ್ಚಿ ಆ ಜಾಗದಲ್ಲಿ ಔಷಧಿ ಅಂಗಡಿ ಬಂದಿದೆ. ಅವಳು ಅದರ ಮುಂದೆ ಹಾದು, ತಿರುವಿನಲ್ಲಿ ಒಂದು ನಿಮಿಷ ನಿಂತು ಉಸಿರು ಸುಧಾರಿಸಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುತ್ತಾಳೆ. ಎಂಟು ಗಂಟೆಗೆ ಕಾರ್ಖಾನೆಯ ಮೇಜಿನ ಮೇಲೆ ಬಟ್ಟೆ ಹಾಸಿರುತ್ತಾರೆ.